ಡ್ರಾಯರಿನೊಳಗಿನ ಸಹಿ: ಬಳ್ಳಾರಿಯ ಒಂದು ಮಷಿನ್ ಶಾಪು, 240 ಪಿನ್ನು, ಒಂದು ತಿದ್ದುಪಡಿ

ನನ್ನ ಮೇಜಿನ ಎರಡನೇ ಡ್ರಾಯರಿನಲ್ಲಿ ಒಂದು ಹಳೇ ಬಿಸ್ಕತ್ತಿನ ಡಬ್ಬಿ ಇರುತ್ತಿತ್ತು. ಅದರೊಳಗೆ ಹನ್ನೊಂದು ಯುಎಸ್‌ಬಿ ಟೋಕನ್, ಅಂದರೆ ಮಾಲೀಕರ ಡಿಜಿಟಲ್ ಸಹಿ ತುಂಬಿದ, ಪೆನ್‌ಡ್ರೈವಿನಂಥ ಸಾಧನ. ಒಂದೊಂದರ ಮೈಗೂ ಬಿಳಿ ಟೇಪು ಸುತ್ತಿ, ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಫರ್ಮಿನ ಹೆಸರು ಬರೆದಿದ್ದೆ. ಕೆಳಗೇ ಪಾಸ್‌ವರ್ಡ್. ಸಿವಿಲ್ ಕಂಟ್ರಾಕ್ಟರುಗಳದ್ದು ಆರು, ಹಾಸ್ಟೆಲ್‌ಗಳಿಗೆ ರೇಷನ್ ಹಾಕುವವರದ್ದು ಎರಡು, ಜೀನ್ಸ್ ಹೊಲಿಸುವವರದ್ದೊಂದು, ಕಂಪ್ಯೂಟರ್ ಮಾರುವವರದ್ದೊಂದು. ಹನ್ನೊಂದನೆಯದು ಮುಂಡರಗಿ ಕೈಗಾರಿಕಾ ಪ್ರದೇಶದ ಒಂದು ಮಷಿನ್ ಶಾಪಿನದು. ಈ ಬರಹ ಆ ಹನ್ನೊಂದನೇ ಟೋಕನ್ನಿನ ಕತೆ.

ಬಳ್ಳಾರಿಯ ರಾಯಲ್ ಸರ್ಕಲ್‌ನಿಂದ ಹತ್ತು ನಿಮಿಷ ನಡೆದರೆ ನನ್ನ ಆನ್‌ಲೈನ್ ಸೆಂಟರ್. ಜಿಎಸ್‌ಟಿ ರಿಟರ್ನ್, ಉದ್ಯಮ್ ನೋಂದಣಿ, ಟೆಂಡರ್ ಹಾಕಿಕೊಡುವುದು, ಇದೇ ನನ್ನ ಜೀವನ. ವರ್ಕ್‌ಶಾಪಿನ ಮಾಲೀಕರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರಾಗಲಿ, ಆರ್ಡರ್ ಕೊಟ್ಟ ಕಾರ್ಖಾನೆಯ ಹೆಸರಾಗಲಿ ಇಲ್ಲಿ ಬರುವುದಿಲ್ಲ. ಬಿಡಿಭಾಗದ ಅಳತೆಗಳನ್ನು ಬೇಕೆಂದೇ ಬದಲಿಸಿದ್ದೇನೆ. ಯಾಕೆ ಬದಲಿಸಬೇಕಾಯಿತು ಅನ್ನುವುದೂ ಈ ಪ್ರಕರಣದ ಒಂದು ಭಾಗವೇ.

ವರ್ಕ್‌ಶಾಪು

ಮಾಲೀಕರನ್ನು ನಾನು ಅಣ್ಣ ಅಂತಲೇ ಕರೆಯುವುದು. ಮೂರು ಲೇತು, ಒಂದು ಮಿಲ್ಲಿಂಗ್ ಮಷಿನ್, ಬ್ಯಾಂಕ್ ಸಾಲದಲ್ಲಿ ತಂದ, ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಒಂದು ಸಿಎನ್‌ಸಿ ಮಷಿನ್, ಆರು ಜನ ಕೆಲಸಗಾರರು. ಹಿಂದೆ ಇವರ ಅನ್ನ ಅದಿರಿನಿಂದ ಬರುತ್ತಿತ್ತು. ಸಂಡೂರು, ಹೊಸಪೇಟೆ ಕಡೆಯ ಕ್ರಷರುಗಳ ಶಾಫ್ಟು, ಕನ್ವೇಯರ್ ರೋಲರು, ಟಿಪ್ಪರುಗಳ ಪಿನ್ನು, ಬುಷ್ಷು. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಲೇತುಗಳ ಮೇಲೆ ಗೋಣಿಚೀಲ ಹೊದಿಸಿ ಕೂತಿದ್ದು ಅವರಿಗೆ ಇವತ್ತಿಗೂ ನೆನಪು. ಆಮೇಲೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಜಾಬ್ ವರ್ಕ್ ಕೈ ಹಿಡಿಯಿತು. ಆದರೆ ಒಂದೇ ಗಿರಾಕಿಯನ್ನು ನಂಬಿ ಬದುಕುವ ಭಯ ಅವರನ್ನು ಬಿಡಲಿಲ್ಲ.

ಸೈನ್ಯದ ಕೆಲಸ ಈ ಊರಿಗೆ ಹೊಸದಲ್ಲ. ಕಂಟೋನ್ಮೆಂಟ್ ಅನ್ನುವ ಹೆಸರೇ ಬ್ರಿಟಿಷರ ಪಾಳೆಯದಿಂದ ಬಂದದ್ದು. ಸಿಪಾಯಿಗಳ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿಗಳ ಕೈಯೇ ಮುಂದೆ ಜೀನ್ಸ್‌ಗೆ ತಿರುಗಿತು ಅಂತ ಕೌಲ್ ಬಜಾರಿನ ಹಳಬರು ಈಗಲೂ ಹೇಳುತ್ತಾರೆ. ಅಣ್ಣನಿಗೂ ಒಂದು ಹಳೇ ಅನುಭವ ಇತ್ತು. ಕಾಗದದ ಟೆಂಡರುಗಳ ಕಾಲದಲ್ಲಿ ಒಮ್ಮೆ ಮೊಹರು ಹಾಕಿದ ಲಕೋಟೆ ಹಿಡಿದು, ಗುಂತಕಲ್ಲಿನಲ್ಲಿ ರೈಲು ಬದಲಿಸಿ, ಹೊರರಾಜ್ಯದ ಒಂದು ರಕ್ಷಣಾ ಕಾರ್ಖಾನೆಯ ಗೇಟಿಗೆ ಹೋಗಿದ್ದರು. ರೈಲು ತಡವಾಗಿತ್ತು. ಟೆಂಡರ್ ಪೆಟ್ಟಿಗೆಗೆ ಆಗಲೇ ಸೀಲು ಬಿದ್ದಿತ್ತು. ಲಕೋಟೆ ಒಡೆಯದೆ ಹಾಗೇ ವಾಪಸು ತಂದು ಕಪಾಟಿನಲ್ಲಿಟ್ಟಿದ್ದರು. ನನಗೆ ತೋರಿಸಿದ್ದಾರೆ.

ಹೊಸ ಬಾಗಿಲು ತೋರಿಸಿದ್ದು ಮಗಳು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಅಪ್ಪನ ಜೊತೆಗೇ ನಿಂತ ಹುಡುಗಿ. 2020ರ ಆಗಸ್ಟ್‌ನಲ್ಲಿ ರಕ್ಷಣಾ ಸಚಿವಾಲಯ ಸೃಜನ್ ಅನ್ನುವ ಪೋರ್ಟಲ್ ತೆರೆದಿತ್ತು. ಹೊರದೇಶದಿಂದ ತರಿಸುತ್ತಿರುವ ಬಿಡಿಭಾಗಗಳನ್ನು ಅಲ್ಲಿ ಪಟ್ಟಿ ಹಾಕುತ್ತಾರೆ, ಮಾಡಿಕೊಡಬಲ್ಲೆ ಅನ್ನುವವರು ಆಸಕ್ತಿ ತಿಳಿಸಬಹುದು. ಮಗಳು ರಾತ್ರಿ ಕೂತು ಆ ಪಟ್ಟಿ ಓದುತ್ತಿದ್ದಳು. ಒಂದು ದಿನ ಅಪ್ಪನಿಗೆ ಮೊಬೈಲ್ ತೋರಿಸಿ, “ಇಂಥಾವು ನಾವು ಟಿಪ್ಪರಿಗೆ ವಾರಕ್ಕೆ ಐವತ್ತು ಮಾಡ್ತೀವಲ್ಲಪ್ಪಾಜಿ” ಅಂದಳಂತೆ.

ಮಾಡುವುದು ಒಂದೇ ಬಗೆಯಲ್ಲ ಅಂತ ಮುಂದೆ ಗೊತ್ತಾಯಿತು. ಆದರೂ ಅವಳ ಲೆಕ್ಕ ತಪ್ಪಿರಲಿಲ್ಲ. 2021ರ ಅಕ್ಟೋಬರ್ 1ಕ್ಕೆ ಸೈನ್ಯಕ್ಕೆ ಆಯುಧ ಮಾಡುವ ಸರ್ಕಾರಿ ಆರ್ಡ್ನೆನ್ಸ್ ಫ್ಯಾಕ್ಟರಿ ಬೋರ್ಡಿನ 41 ಕಾರ್ಖಾನೆಗಳು ಏಳು ಸರ್ಕಾರಿ ಕಂಪನಿಗಳಾಗಿ ಹಂಚಿಹೋಗಿದ್ದವು. ಸಣ್ಣ ಸಣ್ಣ ಬಿಡಿಭಾಗಗಳಿಗೆ ಹೊಸ ಸರಬರಾಜುದಾರರನ್ನು ಹುಡುಕುವ ಕೆಲಸ ಜೋರಾಗಿತ್ತು. ತೋಪು, ವಿಮಾನ ಕೊಳ್ಳುವ ದೊಡ್ಡ ಖರೀದಿಗೆ ಆಗ 2020ರ ರಕ್ಷಣಾ ಸ್ವಾಧೀನ ಕಾರ್ಯವಿಧಾನ ಇತ್ತು, ಅದು ವರ್ಷಗಟ್ಟಲೆ ನಡೆಯುವ ಸಂಗತಿ. ಕೊಂಡದ್ದನ್ನು ನಡೆಸಿಕೊಂಡು ಹೋಗುವ ಪಿನ್ನು, ಬುಷ್ಷು, ಸೀಲುಗಳ ಖರೀದಿ ಬೇರೆ ದಾರಿಯದು. ಆಯುಧ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಗಣರಾಜ್ಯೋತ್ಸವದ ಮೆರವಣಿಗೆ. ತೋಪು ಹಾರಿಸಲು ಸಿದ್ಧವಾಗಿರಬೇಕಾದರೆ ಯಾವುದೋ ಶೆಡ್ಡಿನಲ್ಲಿ ಯಾರೋ ಒಬ್ಬರು ಒಂದು ಪಿನ್ನನ್ನು ಸರಿಯಾಗಿ ಕೊರೆದಿರಬೇಕು.

ಪೆಟ್ಟಿಗೆಯ ಬದಲು ಬೀಗ

2022ರಲ್ಲಿ ವರ್ಕ್‌ಶಾಪನ್ನು ವೆಂಡರ್ ಆಗಿ ನೋಂದಾಯಿಸಿದೆವು. ಅಂದರೆ ನಾನು ನೋಂದಾಯಿಸಿದೆ. ಅಣ್ಣನ ಪ್ಯಾನ್, ಆಧಾರ್ ತಗೊಂಡು ಕ್ಲಾಸ್-3 ಡಿಜಿಟಲ್ ಸಹಿ ಮಾಡಿಸಿದೆ. ವಿಡಿಯೊದಲ್ಲಿ ಅವರು ತಮ್ಮ ಹೆಸರು ಹೇಳಿದ್ದು ಒಂದೇ ಅವರ ಪಾಲಿನ ಕೆಲಸ. ಪೋರ್ಟಲ್ಲಿನಲ್ಲಿ ಇಮೇಲ್ ಕೇಳಿತು, ನನ್ನದು ಹಾಕಿದೆ. ಮೊಬೈಲ್ ಕೇಳಿತು, ನನ್ನದು ಹಾಕಿದೆ. ಒಟಿಪಿಗಾಗಿ ಪ್ರತಿ ಸಲ ಫೋನ್ ಮಾಡುವ ತಾಪತ್ರಯ ಬೇಡ ಅಂತ. ಊರಿನಲ್ಲಿ ಈ ಕೆಲಸ ಮಾಡುವ ಹೆಚ್ಚಿನವರು ಹೀಗೇ ಮಾಡುತ್ತಾರೆ. ಟೋಕನ್ ಡಬ್ಬಿಗೆ ಬಿತ್ತು.

ಈ ವ್ಯವಸ್ಥೆ ಎಷ್ಟು ಎಚ್ಚರದಿಂದ ಕಟ್ಟಿದ್ದು ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿ ರೂಪಿಸಿದ ಇ-ಟೆಂಡರ್ ಪೋರ್ಟಲ್ಲಿನಲ್ಲಿ ದರ ಹಾಕಿ ಸಹಿ ಮಾಡಿದ ಕ್ಷಣಕ್ಕೆ ಅದು ಗೂಢಲಿಪಿಯಾಗಿ ಮುಚ್ಚಿಕೊಳ್ಳುತ್ತದೆ. ಅದನ್ನು ತೆರೆಯುವ ಕೀಲಿ ಖರೀದಿದಾರರ ಕಡೆಯ ಅಧಿಕಾರಿಗಳ ಟೋಕನ್ನಿನಲ್ಲಿರುತ್ತದೆ. ಸಾಮಾನ್ಯವಾಗಿ ನಾಲ್ವರನ್ನು ನೇಮಿಸಿರುತ್ತಾರೆ, ಇಬ್ಬರು ಕೂಡಿದರೆ ಮಾತ್ರ ಬೀಗ ಬಿಡುತ್ತದೆ. ಹೊತ್ತು ಮೀರಿತೋ ಇಲ್ಲವೋ ಅಂತ ಹೇಳುವುದು ಗೇಟಿನ ಗುಮಾಸ್ತನ ಕೈಗಡಿಯಾರವಲ್ಲ, ಸರ್ವರಿನ ಗಡಿಯಾರ. ಸಣ್ಣ ಉದ್ದಿಮೆಗೆ ಠೇವಣಿ ಮಾಫಿ ಇತ್ತು, ಉದ್ಯಮ್ ಪ್ರಮಾಣಪತ್ರ ಏರಿಸಿದರೆ ಸಾಕು. 1986ರಲ್ಲಿ 1,437 ಕೋಟಿ ರೂಪಾಯಿಯ ಬೊಫೋರ್ಸ್ ಒಪ್ಪಂದ ಆಗಿ, ಮರುವರ್ಷ ಸ್ವೀಡನ್ನಿನ ರೇಡಿಯೊ ಲಂಚದ ಸುದ್ದಿ ಹೊರಹಾಕಿದ ಮೇಲೆ, ರಕ್ಷಣಾ ಖರೀದಿಯ ಕಡತದ ಮೇಲೆ ಸಹಿ ಹಾಕಲು ಅಧಿಕಾರಿಗಳ ಕೈ ನಡುಗುತ್ತಿದ್ದ ದೇಶ ಇದು. ಯಾರು, ಯಾವ ಗಳಿಗೆಯಲ್ಲಿ, ಏನು ಮಾಡಿದರು ಅನ್ನುವುದು ತಾನಾಗಿಯೇ ದಾಖಲಾಗುತ್ತದೆ ಅಂದರೆ ಪ್ರಾಮಾಣಿಕ ಅಧಿಕಾರಿಗೆ ಅದು ದೊಡ್ಡ ರಕ್ಷೆ.

2023ರಲ್ಲಿ ನಮಗೆ ಬೇಕಾದ ಟೆಂಡರ್ ಬಂತು. ನೋಂದಾಯಿತ ವೆಂಡರುಗಳಿಗಷ್ಟೇ ಕಾಣುವಂಥದು. ತೋಪಿನ ಗಾಡಿಯ ಕೆಳಭಾಗಕ್ಕೆ ಸೇರುವ ಒಂದು ಪಿನ್ನು, 240 ನಗ. ನಾನು ಡ್ರಾಯಿಂಗನ್ನು ನನ್ನ ಕಂಪ್ಯೂಟರಿಗೆ ಇಳಿಸಿಕೊಂಡು, ಪ್ರಿಂಟ್ ತೆಗೆದು ಅಣ್ಣನಿಗೆ ಕೊಟ್ಟೆ. ಬಲಗಡೆಯ ಕೆಳಮೂಲೆಯ ಚೌಕದಲ್ಲಿ ಡ್ರಾಯಿಂಗ್ ನಂಬರು, ಅದರ ಪಕ್ಕದಲ್ಲಿ ಪರಿಷ್ಕರಣೆಯ ಅಕ್ಷರ: ಬಿ. ಅಣ್ಣ ಎರಡು ದಿನ ಲೆಕ್ಕ ಹಾಕಿ ನಗಕ್ಕೆ 2,900 ರೂಪಾಯಿ ಅಂದರು. ನಾನು ಟೋಕನ್ ಚುಚ್ಚಿದೆ, ಟೇಪು ನೋಡಿ ಪಾಸ್‌ವರ್ಡ್ ಒತ್ತಿದೆ, ದರ ಮುಚ್ಚಿಕೊಂಡಿತು.

ದರದ ಲಕೋಟೆ ತೆರೆದ ದಿನ ಸಂಜೆ ಐದೂ ಜನರ ದರ ಪರದೆಯ ಮೇಲೆ ಸಾಲಾಗಿ ಬಂತು. ನಾವೇ ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ದರದವರು. ಅಣ್ಣ ಸೆಂಟರಿಗೆ ಬಂದು ಆ ಪರದೆಯನ್ನು ಬಹಳ ಹೊತ್ತು ನೋಡುತ್ತ ನಿಂತರು. ಉಳಿದ ನಾಲ್ಕೂ ಫರ್ಮುಗಳು ದೊಡ್ಡ ಊರುಗಳವು. “ಆವತ್ತು ಪೆಟಗಿ ಮುಂದ ನಿಂತಾಗ ಒಳಗ ಯಾರ ರೇಟು ಏನೈತಿ ಅಂತ ದೇವರಿಗೇ ಗೊತ್ತಿತ್ತು ತಮ್ಮಾ. ಇವತ್ತು ನನಗೂ ಗೊತ್ತು, ಅವರಿಗೂ ಗೊತ್ತು” ಅಂದರು. ಟೆಂಡರ್ ಗೆದ್ದದ್ದಕ್ಕಿಂತ ಆ ಮಾತು ಹೇಳುವಾಗಿನ ಅವರ ಮುಖ ನನಗೆ ಹೆಚ್ಚು ನೆನಪಿದೆ.

ಸಿಗದ ಸಂದೇಶ

ದರ ಹಾಕಿದ ಮೇಲೆ, ಲಕೋಟೆ ತೆರೆಯುವ ಮೊದಲು, ಪೋರ್ಟಲ್ಲಿನಲ್ಲಿ ಒಂದು ತಿದ್ದುಪಡಿ ಬಂದಿತ್ತು. ಟೆಂಡರಿನ ಮಂದಿ ಅದನ್ನು ಕೊರಿಜೆಂಡಮ್ ಅನ್ನುತ್ತಾರೆ. ಹೆಚ್ಚಿನ ಸಲ ಕೊನೇ ದಿನಾಂಕ ಮುಂದೆ ಹಾಕಲು ಬರುವಂಥದು. ಇದರಲ್ಲಿ ದಿನಾಂಕದ ಜೊತೆ ಹೊಸ ಡ್ರಾಯಿಂಗೂ ಇತ್ತು. ಪರಿಷ್ಕರಣೆ: ಸಿ.

ಎಸ್‌ಎಂಎಸ್ ಬಂದದ್ದು ನನ್ನ ಫೋನಿಗೆ. ಇಮೇಲ್ ಬಂದದ್ದು ನನ್ನ ಖಾತೆಗೆ. ಹನ್ನೊಂದು ಫರ್ಮುಗಳ ಒಟಿಪಿ, ರಿಮೈಂಡರ್, ದಿನಾಂಕ ವಿಸ್ತರಣೆ ಎಲ್ಲ ಒಂದೇ ಫೋನಿಗೆ ಬಂದು ಬೀಳುತ್ತವೆ. ಜಿಎಸ್‌ಟಿ ರಿಟರ್ನಿನ ಕೊನೇ ದಿನಗಳು ಬೇರೆ. ಸಂದೇಶದ ಮೇಲೆ ಕಣ್ಣಾಡಿಸಿದೆ, ದಿನಾಂಕ ಮುಂದೆ ಹೋಗಿದೆ, ನಮ್ಮ ದರ ಒಳಗಿದೆ, ಚಿಂತೆಯಿಲ್ಲ ಅಂದುಕೊಂಡೆ. ಎರಡು ದಿನ ಬಿಟ್ಟು ಅದೇ ಫರ್ಮಿನ ಲಾಗಿನ್‌ನಲ್ಲಿ ಒಳಗೆ ಹೋಗಿ ನಮ್ಮ ದರ ಸರಿಯಾಗಿ ದಾಖಲಾಗಿದೆಯೇ ಅಂತ ನೋಡಿಯೂ ಬಂದೆ. ಹೊಸ ಡ್ರಾಯಿಂಗ್ ಕ್ಲಿಕ್ ಮಾಡಲಿಲ್ಲ. ಅಣ್ಣನಿಗೂ ಹೇಳಲಿಲ್ಲ. ತಪ್ಪು ನನ್ನದು.

ಆರ್ಡರ್ ಪಿಡಿಎಫ್‌ನಲ್ಲಿ ಬಂತು, ಒಂಬತ್ತು ಪುಟ. ಮೂರನೇ ಪುಟದಲ್ಲಿ ಡ್ರಾಯಿಂಗ್ ನಂಬರಿನ ಪಕ್ಕ ‘ಸಿ’ ಅಂತ ಇತ್ತು. ಡ್ರಾಯಿಂಗ್ ಮಾತ್ರ ಜೊತೆಗಿರಲಿಲ್ಲ. ನಾವೆಲ್ಲ ನೋಡಿದ್ದು ದರ, ಸಂಖ್ಯೆ, ಕೊನೇ ದಿನ. ಲೇತಿನ ಎದುರಿನ ಗೋಡೆಗೆ ‘ಬಿ’ ಅಂಟಿಸಿದ್ದಾಗಿತ್ತು.

ಷರತ್ತಿನ ಪ್ರಕಾರ ಮೊದಲು ಎರಡು ಮಾದರಿ ಕಳಿಸಬೇಕು, ಅದು ಪಾಸಾದ ಮೇಲೆ ಉಳಿದದ್ದು ಮಾಡಬೇಕು. ತಡವಾದರೆ ವಾರಕ್ಕೆ ಅರ್ಧ ಪರ್ಸೆಂಟ್ ಕಡಿತ. ಮಾದರಿಯ ಉತ್ತರ ಬರಲು ಎಷ್ಟು ದಿನವೋ, ಅಲ್ಲಿತನಕ ಸಿಎನ್‌ಸಿ ಖಾಲಿ ಬಿಡುವುದು ಯಾಕೆ ಅಂತ ಅಣ್ಣ ಉಳಿದ ಕೆಲಸವನ್ನೂ ಶುರು ಮಾಡಿದರು. ಬ್ಯಾಂಕಿನ ಕಂತು ಕಟ್ಟುವವರು ಯಾರೇ ಇದ್ದರೂ ಅದನ್ನೇ ಮಾಡುತ್ತಿದ್ದರು ಅನ್ನಿಸುತ್ತದೆ. ಮಾದರಿಯ ಫಲಿತಾಂಶ ಬಂದ ದಿನ 160 ಪಿನ್ನು ಕೊರೆದು ಮುಗಿದಿತ್ತು.

ಮಾದರಿ ತಿರಸ್ಕಾರವಾಗಿತ್ತು. ಪಿನ್ನಿನ ಭುಜದ ಬುಡದಲ್ಲಿನ ದುಂಡನೆಯ ಬಾಗಿನ ಅಳತೆ ಪರಿಷ್ಕರಣೆ ‘ಸಿ’ಗೆ ಹೊಂದುತ್ತಿಲ್ಲ.

ಕಡಿದ ಲೋಹ

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಇಡೀ ಪ್ರಕರಣ ಒಂದೂವರೆ ಮಿಲಿಮೀಟರಿನದು.

ದಪ್ಪ ಭಾಗ ಸಣ್ಣ ಭಾಗಕ್ಕೆ ತಿರುಗುವ ಜಾಗವನ್ನು ಪಿನ್ನಿನ ಭುಜ ಅನ್ನುತ್ತಾರೆ. ಆ ಮೂಲೆಯನ್ನು ಚೂಪಾಗಿ ಬಿಡುವಂತಿಲ್ಲ, ಒಳಕ್ಕೆ ದುಂಡನೆಯ ಬಾಗು ಕೊಡಬೇಕು. ನಮ್ಮೂರಿನ ಟರ್ನರುಗಳು ಅದಕ್ಕೆ ರೇಡಿಯಸ್ ಅನ್ನುತ್ತಾರೆ. ‘ಬಿ’ಯಲ್ಲಿ ಅದು 1 ಮಿಲಿಮೀಟರ್ ಅಂತಿಟ್ಟುಕೊಳ್ಳಿ, ‘ಸಿ’ಯಲ್ಲಿ 2.5. ಮೂಲೆ ಚೂಪಾದಷ್ಟೂ ಹೊಡೆತದ ಒತ್ತಡವೆಲ್ಲ ಅಲ್ಲೇ ಬಂದು ಕೂರುತ್ತದೆ. ತೋಪು ಒಂದು ಸಲ ಹಾರಿದಾಗ ಏನೂ ಆಗುವುದಿಲ್ಲ. ಸಾವಿರ ಸಲ ಹಾರಿದ ಮೇಲೆ ಕೂದಲೆಳೆಯ ಸೀಳು ಆ ಮೂಲೆಯಿಂದಲೇ ಶುರುವಾಗಿ ಒಳಗೆ ಹೋಗುತ್ತದೆ. ರೇಡಿಯಸ್ ದೊಡ್ಡದು ಮಾಡಿದರೆ ಒತ್ತಡ ಹರಡಿಕೊಳ್ಳುತ್ತದೆ. ತಿದ್ದುಪಡಿಗೆ ಕಾರಣವನ್ನು ಪೋರ್ಟಲ್ಲಿನಲ್ಲಿ ಬರೆದಿರಲಿಲ್ಲ. ಟಿಪ್ಪರಿನ ಮುರಿದ ಪಿನ್ನುಗಳನ್ನು ಮೂವತ್ತು ವರ್ಷ ಕೈಯಲ್ಲಿ ಹಿಡಿದು ನೋಡಿದ ಅಣ್ಣನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಸುದ್ದಿ ಹಿಡಿದು ನಾನೇ ಮುಂಡರಗಿಗೆ ಹೋದೆ. ಅಣ್ಣ ರೇಡಿಯಸ್ ಗೇಜನ್ನು ಪಿನ್ನಿನ ಮೂಲೆಗೆ ಹಿಡಿದು ಟ್ಯೂಬ್‌ಲೈಟಿನ ಕಡೆ ಎತ್ತಿದರು. “ನೋಡು ತಮ್ಮಾ, ಒಂದು ಎಂಎಂ ಕರೆಕ್ಟ್ ಐತಿ. ಬೆಳಕು ಸುದ್ದಾ ಹಾಯಲ್ಲ” ಅಂದರು. ಆಮೇಲೆ ನನ್ನ ಮೊಬೈಲಿನಲ್ಲಿದ್ದ ‘ಸಿ’ ನೋಡಿ ಸುಮ್ಮನಾದರು.

ಲೇತಿನ ಹುಡುಗ ಕೇಳಿದ: “ಇನ್ನೊಂದು ಪಾಸ್ ಹೊಡದ್ರ ಆಗಲ್ಲೇನ್ರಿ?”

“ಎರಡೂವರಿ ರೇಡಿಯಸ್ ಬರಬೇಕಂದ್ರ ಮೂಲ್ಯಾಗ ಲೋಹ ಇರಬೇಕಲ್ಲಪಾ. ನಾವು ಅದನ್ನ ಆಗಲೇ ತಗದೀವಿ. ತಗದದ್ದನ್ನ ಹೆಂಗ ಕೂಡಸ್ತಿ?”

ತಿದ್ದುಪಡಿ ತಿರುವುಮುರುವಾಗಿದ್ದರೆ, ಎರಡೂವರೆಯಿಂದ ಒಂದಕ್ಕೆ ಇಳಿದಿದ್ದರೆ, ಇನ್ನೊಂದಿಷ್ಟು ಕೊರೆದು ಎಲ್ಲವನ್ನೂ ಉಳಿಸಿಕೊಳ್ಳಬಹುದಿತ್ತು. ಇದರಲ್ಲಿ ದಾರಿಯೇ ಇರಲಿಲ್ಲ. ಬೆಂಗಳೂರಿನ ಡೀಲರಿನಿಂದ ತಂದ ನಿಕಲ್-ಕ್ರೋಮಿಯಂ ಉಕ್ಕಿನ ಇಎನ್-24 ಕಡ್ಡಿ, ಹುಬ್ಬಳ್ಳಿಗೆ ಕಳಿಸಿ ಹೀಟ್ ಟ್ರೀಟ್‌ಮೆಂಟ್, ಅಂದರೆ ಕಾಯಿಸಿ ಗಡಸು ಮಾಡಿಸಿದ್ದು, ಮೂರು ವಾರದ ಕೂಲಿ. ಎಲ್ಲ ಸೇರಿ ಸುಮಾರು ಎರಡು ಲಕ್ಷದ ಮಾಲು ಗುಜರಿಯಾಯಿತು.

ದಾಖಲೆ ಹೇಳಿದ್ದು

ವಿನಾಯಿತಿ ಕೇಳೋಣ ಅಂತ ಕಾರ್ಖಾನೆಗೆ ಒಂದು ಪತ್ರ ಬರೆದೆವು. ತಿದ್ದುಪಡಿ ನಮ್ಮ ಗಮನಕ್ಕೆ ಬಂದಿರಲಿಲ್ಲ, ಅವಧಿ ಕೊಡಿ, ಕಡಿತ ಮಾಫಿ ಮಾಡಿ ಅಂತ. ಉತ್ತರ ಸಭ್ಯವಾಗಿಯೇ ಬಂತು, ಜೊತೆಗೆ ಪೋರ್ಟಲ್ಲಿನ ದಾಖಲೆ. ತಿದ್ದುಪಡಿ ಪ್ರಕಟವಾದ ಗಂಟೆ, ನಿಮಿಷ. ಎಸ್‌ಎಂಎಸ್ ಹೋದ ಹೊತ್ತು. ಇಮೇಲ್ ಹೋದ ಹೊತ್ತು. ಎರಡು ದಿನದ ನಂತರ ಮಾಲೀಕರು ತಮ್ಮ ಡಿಜಿಟಲ್ ಸಹಿಯಿಂದ ಲಾಗಿನ್ ಆಗಿ ಅದೇ ಟೆಂಡರಿನ ಪುಟ ತೆರೆದದ್ದು.

ಆ ಹೊತ್ತಿನಲ್ಲಿ ಮಾಲೀಕರು ಲೇತಿನ ಮುಂದೆ ನಿಂತಿದ್ದರು. ತೆರೆದದ್ದು ನಾನು.

ಕಾರ್ಖಾನೆಯವರ ಮೇಲೆ ನನಗೆ ಯಾವ ದೂರೂ ಇಲ್ಲ. ಅವರ ಕೈಯಲ್ಲಿದ್ದ ದಾಖಲೆ ನಿಮಿಷದ ಮಟ್ಟಿಗೂ ನಿಖರವಾಗಿತ್ತು. ನಿಖರವಾಗಿಯೇ ಸುಳ್ಳಾಗಿತ್ತು, ಆ ಸುಳ್ಳನ್ನು ಅದರೊಳಗೆ ತುಂಬಿದವನು ನಾನು. ಡಿಜಿಟಲ್ ಖರೀದಿಯ ಇಡೀ ಕಟ್ಟಡ ಒಂದು ನಂಬಿಕೆಯ ಮೇಲೆ ನಿಂತಿದೆ: ಸಹಿ ಯಾರದೋ, ಹಾಕಿದ ಕೈಯೂ ಅವರದೇ. ಐಟಿ ಕಾಯ್ದೆ 2000ದ 42ನೇ ಸೆಕ್ಷನ್ ಇದನ್ನು ಬಾಯಿಬಿಟ್ಟು ಹೇಳುತ್ತದೆ. ಸಹಿ ಪಡೆದವರು ತಮ್ಮ ಖಾಸಗಿ ಕೀಲಿಯನ್ನು ತಮ್ಮ ಹತೋಟಿಯಲ್ಲೇ ಇಟ್ಟುಕೊಳ್ಳಲು ತಕ್ಕ ಎಚ್ಚರ ವಹಿಸಬೇಕು, ಅದು ಕೈತಪ್ಪಿದರೆ ತಡಮಾಡದೆ ತಿಳಿಸಬೇಕು. ನಮ್ಮಲ್ಲಿ ಕೈತಪ್ಪುವುದೇನು, ಮೊದಲ ದಿನವೇ ಕೈದಾಟಿಸುತ್ತೇವೆ. ಅಣ್ಣನಿಗೆ ತನ್ನ ಸಹಿ ಎಲ್ಲಿದೆ ಅಂತ ಗೊತ್ತಿತ್ತು. ಬಿಸ್ಕತ್ತಿನ ಡಬ್ಬಿಯಲ್ಲಿದ್ದಷ್ಟು ದಿನ ಆ ಸಹಿ, ಅಣ್ಣ ನೋಡದ್ದನ್ನೂ ಅಣ್ಣ ನೋಡಿದ್ದಾರೆ ಅನ್ನುತ್ತಿತ್ತು ಅಂತ ಗೊತ್ತಿರಲಿಲ್ಲ.

ಹಾಸ್ಟೆಲ್ಲಿನ ಅಕ್ಕಿಯ ಟೆಂಡರಿನಲ್ಲಿ ಇಂಥದು ನಡೆದರೆ ಹಣ ಹೋಗುತ್ತದೆ. ತೋಪಿನ ಪಿನ್ನಿನಲ್ಲಿ ನಡೆದರೆ? ಮಾದರಿ ತಪಾಸಣೆ ಅನ್ನುವ ಹಳೇ ಕಾಲದ ಹಂತ ಇಲ್ಲದಿದ್ದರೆ 240 ತಪ್ಪು ಪಿನ್ನುಗಳು ಎಲ್ಲೆಲ್ಲಿಗೆ ಹೋಗುತ್ತಿದ್ದವೋ. ಅಲ್ಲಿ ಒಬ್ಬ ಮನುಷ್ಯ ಗೇಜು ಹಿಡಿದು ಮೂಲೆಯನ್ನು ನೋಡಿದ. ಅವನು ನೋಡಿದ್ದರಿಂದ ನಮಗೆ ಎರಡು ಲಕ್ಷ ಹೋಯಿತು. ಅವನಿಗೆ ನಾನು ಋಣಿ.

ಇನ್ನೊಂದು, ನಾನು ಆಗ ಯೋಚಿಸಿರದ ವಿಷಯ

ಮರುಕೆಲಸಕ್ಕೆ ಕೂತಾಗ ಮಗಳು ಒಂದು ಪ್ರಶ್ನೆ ಕೇಳಿದಳು. “ಕಾಕಾ, ಹಳೇ ಡ್ರಾಯಿಂಗ್ ಯಾರ್ಯಾರ ಹತ್ರ ಐತಿ? ಎಲ್ಲಾರ ಹತ್ರದ್ದೂ ತಗಸಬೇಕು, ಇಲ್ಲಾಂದ್ರ ಮತ್ತ ಅದೇ ಮಾಡ್ತಾರ.”

ಎಣಿಸಿದೆವು. ನನ್ನ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಒಂದು. ಅಲ್ಲಿ ಪಾಸ್‌ಪೋರ್ಟ್ ಫೋಟೊಗೆ ಬರುವ ಹುಡುಗರೂ ಪೆನ್‌ಡ್ರೈವ್ ಚುಚ್ಚುತ್ತಾರೆ. ವಾಟ್ಸಾಪ್‌ನಲ್ಲಿ ನಾನು ಅಣ್ಣನಿಗೆ ಕಳಿಸಿದ್ದು, ಅಣ್ಣ ಲೇತಿನ ಹುಡುಗನಿಗೆ, ಮಗಳು ಹುಬ್ಬಳ್ಳಿಯ ಹೀಟ್ ಟ್ರೀಟ್‌ಮೆಂಟಿನವರಿಗೆ, ಅವರು ತಮ್ಮ ಫೋರ್‌ಮನ್ನಿಗೆ. ಪ್ರಿಂಟಿನಲ್ಲಿ ಮೂರು ಪ್ರತಿ. ಡ್ರಾಯಿಂಗನ್ನು ಬೇರೆಯವರಿಗೆ ಕೊಡಬಾರದು, ಕೆಲಸ ಮುಗಿದ ಮೇಲೆ ನಾಶ ಮಾಡಬೇಕು ಅಂತ ಟೆಂಡರಿನ ಷರತ್ತಿನಲ್ಲೇ ಇತ್ತು. ಆ ಷರತ್ತಿಗೆ ಒಪ್ಪಿ ಡಿಜಿಟಲ್ ಸಹಿ ಹಾಕಿದವನು ಮತ್ತೆ ನಾನೇ. ಓದದೆ.

ಒಂದು ಪಿನ್ನಿನಿಂದ ಶತ್ರುವಿಗೆ ಏನು ಸಿಗುತ್ತದೆ ಅಂತ ಅಣ್ಣ ಕೇಳಿದರು. ನಾನೂ ಅದನ್ನೇ ಅಂದುಕೊಂಡಿದ್ದೆ. ಆಮೇಲೆ ಯೋಚಿಸಿದಾಗ ಭಯವಾಯಿತು. ಮೂಲೆಯ ಚೌಕದಲ್ಲಿ ಯಾವ ಉಪಕರಣದ ಭಾಗ ಅನ್ನುವುದಿದೆ. ಆರ್ಡರಿನಲ್ಲಿ ಎಷ್ಟು ಬೇಕು, ಯಾವಾಗ ಬೇಕು ಅನ್ನುವುದಿದೆ. ಪರಿಷ್ಕರಣೆಯಲ್ಲಿ ಹಿಂದಿನದರಲ್ಲಿ ಏನು ಕೊರತೆಯಿತ್ತು ಅನ್ನುವುದಿದೆ. ಇಂಥ ಐವತ್ತು ಊರುಗಳ ಐವತ್ತು ಡೌನ್‌ಲೋಡ್ ಫೋಲ್ಡರುಗಳನ್ನು ಯಾರಾದರೂ ಒಂದು ಕಡೆ ಕೂಡಿಸಿದರೆ, ಎಷ್ಟು ತೋಪುಗಳು ರಿಪೇರಿಯಲ್ಲಿವೆ, ಯಾವ ಭಾಗ ಬೇಗ ಸವೆಯುತ್ತದೆ ಅಂತ ಲೆಕ್ಕ ಹಾಕಬಹುದು. ಕಾಗದದ ಕಾಲದಲ್ಲಿ ಒಂದು ಡ್ರಾಯಿಂಗ್ ಕದಿಯಲು ಗೇಟು ದಾಟಬೇಕಿತ್ತು.

ಡ್ರಾಯಿಂಗಿನ ಬೆಲೆ ಎಷ್ಟು ಅನ್ನುವುದಕ್ಕೆ ಬೊಫೋರ್ಸ್ ತೋಪೇ ಸಾಕ್ಷಿ. ಆ ಒಪ್ಪಂದದ ಜೊತೆ ಬಂದ ತಾಂತ್ರಿಕ ದಾಖಲೆಗಳು ವರ್ಷಗಟ್ಟಲೆ ಕಪಾಟಿನಲ್ಲಿದ್ದವು. ಅವುಗಳ ಆಧಾರದಲ್ಲಿ ಜಬಲ್ಪುರದಲ್ಲಿ ಧನುಷ್ ತೋಪು ಮೂಡಿತು, 2019ರ ಏಪ್ರಿಲ್‌ನಲ್ಲಿ ಮೊದಲ ಆರು ಸೈನ್ಯಕ್ಕೆ ಸೇರಿದವು. ಅದೇ ಧನುಷ್‌ಗೆ ಜರ್ಮನಿಯದು ಅಂತ ಹೇಳಿ ಚೀನಾದ ಬೇರಿಂಗ್ ಕೊಟ್ಟಿದ್ದಾರೆ ಅನ್ನುವ ಆರೋಪದ ಮೇಲೆ 2017ರಲ್ಲಿ ಸಿಬಿಐ ಪ್ರಕರಣ ದಾಖಲಿಸಿತ್ತು. ಎಲ್ಲಿ ತಯಾರಾಯಿತು ಅನ್ನುವ ಪ್ರಮಾಣಪತ್ರಗಳೇ ನಕಲಿ ಅನ್ನುವುದು ಆ ಆರೋಪದ ತಿರುಳು. ನಮ್ಮ ಪಿನ್ನಿಗೂ ಉಕ್ಕಿನ ಪ್ರಮಾಣಪತ್ರ ಬೇಕಿತ್ತು. ಯಾವ ಕರಗು ಬ್ಯಾಚಿನ ಲೋಹ ಅನ್ನುವ ಹೀಟ್ ನಂಬರು ಅದರಲ್ಲಿರುತ್ತದೆ, ಕಡ್ಡಿಯ ತುದಿಗೆ ಹೊಡೆದ ನಂಬರಿಗೂ ಅದಕ್ಕೂ ತಾಳೆಯಾಗಬೇಕು. ಡೀಲರು ಕಳಿಸಿದ್ದು ಜೆರಾಕ್ಸಿನ ಸ್ಕ್ಯಾನ್. ಅಂಥದ್ದರಲ್ಲಿ ಅಂಕೆ ಬದಲಿಸಲು ನನ್ನ ಸೆಂಟರಿನ ಕಂಪ್ಯೂಟರಿನಲ್ಲಿ ಐದು ನಿಮಿಷ ಸಾಕು. ಹಾಗೆ ಮಾಡಿಕೊಡಿ ಅಂತ ಕೇಳಿಕೊಂಡು ಬಂದವರನ್ನು, ಬೇರೆ ಟೆಂಡರುಗಳಲ್ಲಿ, ನಾನು ವಾಪಸು ಕಳಿಸಿದ್ದೇನೆ. ಪಿಡಿಎಫ್ ಆದ ಮಾತ್ರಕ್ಕೆ ಕಾಗದ ಸತ್ಯವಾಗುವುದಿಲ್ಲ. ಉಕ್ಕು ಮಾಡಿದವರೇ ತಮ್ಮ ತಾಣದಲ್ಲಿ ಆ ನಂಬರನ್ನು ತಾಳೆ ನೋಡಲು ಬಿಟ್ಟರೆ ಅದು ನಿಜವಾದ ಡಿಜಿಟಲ್. ಬರೀ ಸ್ಕ್ಯಾನರಿನಿಂದ ಬಂದದ್ದು ಕಾಗದದ ಇನ್ನೊಂದು ವೇಷ.

ಬದಲಾದದ್ದು

ಮರುಕೆಲಸ ಏಳು ವಾರ ತಡವಾಯಿತು. 6,96,000 ರೂಪಾಯಿಯ ಆರ್ಡರಿನಲ್ಲಿ ಮೂರೂವರೆ ಪರ್ಸೆಂಟ್, ಅಂದರೆ 24,360 ರೂಪಾಯಿ ಕಡಿತವಾಯಿತು. ಎರಡನೇ ಸಲದ ಮಾದರಿ ಪಾಸಾಯಿತು, 240 ಪಿನ್ನೂ ಪಾಸಾದವು, ಹಣ ನೇರ ಖಾತೆಗೆ ಬಂತು. ಯಾರ ಬಾಗಿಲಿಗೂ ಅಲೆಯಲಿಲ್ಲ. ನಷ್ಟದ ಅರ್ಧ ನಾನು ಕೊಡುತ್ತೇನೆ ಅಂದೆ. ಅಣ್ಣ ಒಪ್ಪಲಿಲ್ಲ. “ಮೂರನೇ ಪುಟ ನಾನೂ ಓದಿಲ್ಲಲ್ಲ” ಅಂದರು. ಎರಡು ವರ್ಷ ಅವರ ಜಿಎಸ್‌ಟಿ ಕೆಲಸವನ್ನು ಫೀಸಿಲ್ಲದೆ ಮಾಡಿಕೊಡುವುದು ಅಂತ ಕೊನೆಗೆ ಇಬ್ಬರ ನಡುವೆ ಮಾತಾಯಿತು.

ಹಳೇ ಟೋಕನ್ ರದ್ದು ಮಾಡಿಸಿ, ಮಗಳನ್ನು ಅಧಿಕೃತ ಸಹಿದಾರಳಾಗಿ ನೇಮಿಸುವ ಪತ್ರ ಮಾಡಿ, ಅವಳ ಹೆಸರಿನಲ್ಲೇ ಹೊಸದು ಮಾಡಿಸಿದೆವು. ಇಮೇಲ್ ಫರ್ಮಿನದು, ಮೊಬೈಲ್ ಅವಳದು. ಪಾಸ್‌ವರ್ಡ್ ನನಗೆ ಗೊತ್ತಿಲ್ಲ. ವರ್ಕ್‌ಶಾಪಿನಲ್ಲಿ ಪೋರ್ಟಲ್ ಕೆಲಸಕ್ಕೇ ಒಂದು ಕಂಪ್ಯೂಟರ್ ಇಟ್ಟರು, ಅದರಲ್ಲಿ ವಾಟ್ಸಾಪ್ ಇಲ್ಲ. ಹುಬ್ಬಳ್ಳಿಗೆ ಈಗ ಡ್ರಾಯಿಂಗ್ ಹೋಗುವುದಿಲ್ಲ. ಇಂಥ ಉಕ್ಕು, ಇಷ್ಟು ಗಡಸುತನ ಬೇಕು ಅನ್ನುವ ಒಂದು ಚೀಟಿ ಹೋಗುತ್ತದೆ, ಅವರಿಗೆ ಬೇಕಾದದ್ದೂ ಅಷ್ಟೇ. ಗೋಡೆಯ ಮೇಲೆ ಒಂದು ಕಪ್ಪುಹಲಗೆ ಬಂದಿದೆ. ಅದರಲ್ಲಿ ನಡೆಯುತ್ತಿರುವ ಪ್ರತಿ ಕೆಲಸದ ಡ್ರಾಯಿಂಗ್ ನಂಬರು, ಪರಿಷ್ಕರಣೆಯ ಅಕ್ಷರ, ಪೋರ್ಟಲ್ಲಿನಲ್ಲಿ ಕೊನೆಯ ಸಲ ನೋಡಿದ ತಾರೀಖು. ಹಲಗೆಯಲ್ಲಿ ಆ ದಿನದ ತಾರೀಖು ಇಲ್ಲದೆ ಯಾವ ಬ್ಯಾಚಿನ ಮೊದಲ ಲೋಹದ ಚೂರೂ ಎದ್ದೇಳುವಂತಿಲ್ಲ.

ನಾನು ಈಗ ಅವರಲ್ಲಿಗೇ ಹೋಗಿ, ಮಗಳ ಪಕ್ಕ ಕೂತು, ಷರತ್ತುಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತೇನೆ. ಅದಕ್ಕೆ ಫೀಸು ತಗೊಳ್ಳುತ್ತೇನೆ. ಒಂದು ಟೆಂಡರಿಗೆ ಮೊದಲು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು, ಈಗ ಅರ್ಧ ದಿನ.

ಖರೀದಿ ಮಾಡುವವರಲ್ಲೂ ಕೆಲವು ಮಾತು ಕೇಳಿಕೊಳ್ಳುವುದಿದೆ. ಡ್ರಾಯಿಂಗ್ ಬದಲಾದಾಗ ಅದು ದಿನಾಂಕ ವಿಸ್ತರಣೆಯ ಜೊತೆ ಸೇರಿಕೊಂಡು ಬರಬಾರದು. ದರ ಹಾಕಿದವರು ಹೊಸ ಡ್ರಾಯಿಂಗ್ ತೆರೆದು ‘ಒಪ್ಪಿದ್ದೇನೆ’ ಅಂತ ಮತ್ತೆ ಸಹಿ ಮಾಡುವ ತನಕ ಹಳೇ ದರ ಅಮಾನತಿನಲ್ಲಿರಲಿ. ಆರ್ಡರಿನ ಪಿಡಿಎಫ್ ಒಳಗೇ ಡ್ರಾಯಿಂಗ್ ಇರಲಿ, ಅಕ್ಷರ ಮಾತ್ರ ಅಲ್ಲ. ಕಡಿತದ ವಿಷಯದಲ್ಲಿ 2025ರ ನವೆಂಬರ್ 1ರಿಂದ ಜಾರಿಗೆ ಬಂದ ಹೊಸ ರಕ್ಷಣಾ ಖರೀದಿ ಕೈಪಿಡಿ ಸ್ವದೇಶೀಕರಣದ ಕೆಲಸಗಳಿಗೆ ಸಡಿಲ ಕೊಟ್ಟಿದೆ, ಬೆಳವಣಿಗೆಯ ಹಂತದಲ್ಲಿ ದಂಡ ಬೇಡ ಅಂದಿದೆ. ದಂಡದ ಭಯಕ್ಕೆ ಮಾದರಿ ಪಾಸಾಗುವ ಮೊದಲೇ 160 ಪಿನ್ನು ಕೊರೆದವರ ಜೊತೆ ನಿಂತು ನೋಡಿದ ನನಗೆ ಆ ಸಾಲಿನ ಬೆಲೆ ಗೊತ್ತು. ಅಮೆರಿಕದಲ್ಲಿ ರಕ್ಷಣಾ ಇಲಾಖೆಗೆ ಮಾಲು ಕೊಡುವ ಸಣ್ಣ ಫರ್ಮುಗಳೂ ತಮ್ಮ ಕಂಪ್ಯೂಟರುಗಳ ಭದ್ರತೆಯನ್ನು ರುಜುವಾತು ಮಾಡಬೇಕೆಂಬ ಮೂರು ಹಂತದ ನಿಯಮ 2025ರ ನವೆಂಬರ್‌ನಿಂದ ಆರ್ಡರುಗಳಲ್ಲಿ ಬರತೊಡಗಿದೆ. ಅಂಥದ್ದು ಇಲ್ಲಿಗೆ ಬಂದರೆ ಅದರ ಖರ್ಚು ಆರು ಜನರ ವರ್ಕ್‌ಶಾಪಿನ ತಲೆಗೇ ಬೀಳದಂತೆ ಬರಲಿ. ಇಲ್ಲದಿದ್ದರೆ ಅವರು ಮತ್ತೆ ನನ್ನಂಥವರ ಡ್ರಾಯರಿಗೇ ಬರುತ್ತಾರೆ.

ಡಬ್ಬಿಯಲ್ಲಿದ್ದ ಉಳಿದ ಹತ್ತು ಟೋಕನ್ನುಗಳ ಟೇಪು ಕಿತ್ತು, ಒಬ್ಬೊಬ್ಬರನ್ನೇ ಕರೆದು ಕೊಡುತ್ತ ಬಂದಿದ್ದೇನೆ. ಇಬ್ಬರು ಸಿಟ್ಟಾಗಿ ಬೇರೆ ಸೆಂಟರಿಗೆ ಹೋದರು. ರೇಷನ್ನಿನವರೊಬ್ಬರು, “ನಿನ್ನ ಮೇಲೆ ನಂಬಿಕೆ ಐತಲ್ಲಪ್ಪ, ಇಟ್ಕೊ” ಅಂತ ಹಟ ಹಿಡಿದಾಗ ಗೋಡೆಯ ಕಪ್ಪುಹಲಗೆಯ ಫೋಟೊ ತೋರಿಸಿ, ಈ ಪಿನ್ನುಗಳ ಕತೆ ಹೇಳಿದೆ. ತಗೊಂಡು ಹೋದರು. ಇನ್ನೂ ಮೂರು ಉಳಿದಿವೆ. ಒಬ್ಬರು ಸಿರುಗುಪ್ಪದವರು, ಭತ್ತದ ಕೊಯ್ಲು ಮುಗಿದ ಮೇಲೆ ಬರುತ್ತೇನೆ ಅಂದಿದ್ದಾರೆ.